ಮರಳು ಖಾಲಿ ಮಾಡಿಸಿದ್ದು

ನವೆಂಬರ್ 4, ಸೋಮವಾರ
ಬಂಗಡೆ ಸೀಳಿ ಉಪ್ಪು ಹಾಕಿ ಆಯಿತು. ಶೆಟ್ಲಿ ಸಿಗಡಿ ಇನ್ನೂ ಒಣಗಿಲ್ಲ. ಮರಳಿನ ಮೇಲೆ ಹಳೇ ಬಲೆ ಹಾಸಿ ಹರವುವಾಗ ಆ ಕೆನಡಾದ ಮುದುಕ ಮತ್ತೆ ಬಂದ. ವಾರನ್ ಅಂತೆ ಹೆಸರು. ಕವಿಯಂತೆ, ಕಾಲೇಜಿನಲ್ಲಿ ಕಾನೂನು ಕಲಿಸಿದವನಂತೆ, ಅವನ ದೇಶದಲ್ಲಿ ಸರ್ಕಾರದ ವಿರುದ್ಧ ಧರಣಿ ಕೂತು ಜೈಲಿಗೂ ಹೋದವನಂತೆ. ಮೂರು ಕಸುಬು ಹೇಳುವವನಿಗೆ ಒಂದೂ ಇರುವುದಿಲ್ಲ. ಕಂಪನಿಯವನೇ ಇರಬೇಕು. ಜೆಟ್ಟಿ ಕಟ್ಟುವ ಕಂಪನಿಗೆ ಈ ಮರಳು ಬೇಕು — ಯಾರೂ ಬಳಸದ ಖಾಲಿ ಜಾಗ ಅಂತ ಕೋರ್ಟಿಗೆ ಹೇಳಿದ್ದಾರೆ. ನಾವು ಮೀನು ಒಣಗಿಸುವುದು ಮತ್ತೆ ಎಲ್ಲಿ? ಅವರ ಟೆರೇಸಿನ ಮೇಲೋ?

ನ. 7
ವಾರನ್ ತನ್ನ ಪದ್ಯ ಓದಿದ. ಸೊಸೆ ಸುಷ್ಮಾ ಅರ್ಥ ಹೇಳಿದಳು. ಅವರಲ್ಲೂ ದೊಡ್ಡ ಕೆರೆ ದಂಡೆಯ ಜನರನ್ನು, ಖಾಲಿ ಜಾಗ ಅಂತಲೇ ಎಬ್ಬಿಸಿದ್ದರಂತೆ. ಪ್ರಾಸ ಇಲ್ಲ, ಎಂತ ಇಲ್ಲ.
"ಸಂತೆಗುಳಿ ಊರಿನ ಕಾಳಿ ಗದ್ದೆ ನೆಡ್ತಾ ಇದ್ಕಿಂತ ಚಲೋ ಹಾಡು ಹೇಳ್ತದೆ" ಅಂದೆ. ಸುಷ್ಮಾ ಅದನ್ನೂ ಅವನಿಗೆ ಹೇಳಿಬಿಟ್ಟಳು, ಹಾಳಾದವಳು. ಕಾಳಿಯ ಮನೆ ಎಲ್ಲಿ ಅಂತ ಕೇಳಿದ. ಹೇಳಲಿಲ್ಲ.

ನ. 11, ಸೋಮವಾರ, ಸಂಜೆ
ವಾರನ್ ಸುದ್ದಿ ತಂದ. ನಾಳೆ ಕೋರ್ಟಿನವರು ಜಾಗ ನೋಡಲು ಬರುತ್ತಾರೆ, ಮೀನು ಹರವಿಯೇ ಇರಲಿ — ನಮ್ಮ ವಕೀಲ ದಿವಾಕರ ಹೇಳಿ ಕಳಿಸಿದ್ದಂತೆ. ದಿವಾಕರನಿಗೆ ಬಾಯಿಲ್ಲವೋ? ಫೋನ್ ಮಾಡಿಸಿದೆ. ಸ್ವಿಚ್ ಆಫ್.
ಹೋದ ವರ್ಷ ಸರ್ವೆಯವರೂ ಇದನ್ನೇ ಹೇಳಿದ್ದು. ಇದ್ದ ಹಾಗೇ ಇರಲಿ, ಬರೀ ಫೋಟೋ. ಆ ಫೋಟೋ ಹಚ್ಚಿ ಅತಿಕ್ರಮಣ ಅಂತ ನೋಟಿಸು ಬಂತು. ಅಂದಿನಿಂದ ಕೇರಿಯಲ್ಲಿ ಒಂದೇ ಪದ್ಧತಿ — ಪ್ಯಾಂಟಿನವರು ಬಂದರೆ ಮೀನು ಒಳಗೆ.
ರಾತ್ರಿಯೇ ಮೀನು ಒಳಗಿಡಿ ಅಂತ ಮನೆಮನೆಗೆ ಹೋಗಿ ಹೇಳಿದೆ.
"ಹಸಿ ಕಟ್ಟಿಟ್ರೆ ಹುಳ ಆತದೆ, ಮಾಸ್ತಕ್ಕ" ಅಂದಳು ಪಕ್ಕದ ನಾಗು.
"ಆದ್ರೆ ನಿನ್ ಗಂಡಂಗೆ ಬಡ್ಸು."

ನ. 12, ಮಧ್ಯಾಹ್ನ
ಬಂದವರು ನಿಜವಾಗಿಯೂ ಕೋರ್ಟಿನವರು. ದಿವಾಕರ ಜೊತೆಗೇ ಇದ್ದ. ಮರಳು ಗುಡಿಸಿದ ಅಂಗಳದ ಹಾಗೆ.
"ನೋಡಿ ಸರ್, ನಾವು ಹೇಳಿದ್ದು ಇದನ್ನೇ" ಅಂದ ಕಂಪನಿ ವಕೀಲ. ಫೋಟೋ ತೆಗೆದರು.
"ಮೀನು ಒಳಗೆ ಅದೆ" ಅಂತ ಕೂಗಿದೆ.
"ಮನೆ ಒಳಗೆ ಮೀನು ಎಲ್ಲರಲ್ಲೂ ಇರ್ತದಲ್ಲ, ಅಮ್ಮ" ಅಂದ ಅದೇ ವಕೀಲ.
ವಾರನ್ ಮರಳ ಮೇಲೆ ಕೂತುಬಿಟ್ಟ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ನ. 19, ಸಂಜೆ
ನಾಳೆ ಹೊನ್ನಾವರ ಕೋರ್ಟು. ಇನ್ನೊಮ್ಮೆ ಬಂದು ನೋಡಿ ಅಂತ ಕೇಳಬೇಕು. ಮೀನು ತೆಗೆಸಿದವಳೇ ನಿಂತು ಹೇಳಬೇಕಂತೆ.
"ಎಂತಕ್ಕೆ ತೆಗ್ಸಿದ್ರಿ ಕೇಳ್ತರು, ದೊಡ್ಡಮ್ಮ" ಅಂದ ದಿವಾಕರ.
"ಈ ಬಿಳಿಯನ ಮೇಲೆ ನಂಬ್ಕೆ ಇರ್ಲಿಲ್ಲ ಅಂತ ಹೇಳ್ತೆ."
ಸುಷ್ಮಾ ಅದನ್ನೂ ಹೇಳಿದಳು. ವಾರನ್ ತಲೆ ಆಡಿಸಿದ — ಅಷ್ಟೇ ಹೇಳಿ, ಒಂದು ಮಾತೂ ಬಿಡಬೇಡಿ ಅಂದನಂತೆ. ಈಗಾದರೂ ನಂಬುತ್ತೀರೋ ಅಂತ ಕೇಳಲಿಲ್ಲ. ಕೇಳಿದ್ದರೆ...
ನಾಗು ಬಂದಿದ್ದಾಳೆ. ನಾಳೆ ಹರವುವುದೋ ಬೇಡವೋ, ಕೇರಿಯವರು ಕೇಳಿಕೊಂಡು ಬಾ ಅಂದರಂತೆ. ಹರವಿ ಅಂದೆ. ಯಾರು ಬಂದರೂ ತೆಗೆಯಬೇಡಿ.
"ಆತು" ಅಂದಳು. ಹೋಗಲಿಲ್ಲ. ಬಾಗಿಲಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಾಳೆ. ನನ್ನ ಮಾತಿನ ಮೇಲೆ ಅವಳಿಗೆ ನಂಬಿಕೆ —