ಗುಡ್ಡದ ಕಲ್ಲಿನಲ್ಲಿ ಮರುವಾಯಿ

ಅಕ್ಕನಿಗೆ ಅಲ್ ಐನ್‌ನಿಂದ ಸಲಾಂ. ಇವತ್ತು ಮಗಳು ಅಸೀಲಾಳ ಜೊತೆ ಖರ್ಜೂರದ ತೋಟ, ಮಣ್ಣಿನ ಮನೆಗಳ ಹಳೇ ಊರು, ಸುಣ್ಣದಂಥ ಬಿಳಿ ಗುಡ್ಡ ಎಲ್ಲ ಕಾರಿನಲ್ಲಿ ಹೋಗಿ ಒಂದು ಸುತ್ತು ನಡೆದು ಬಂದೆ. ಆ ಗುಡ್ಡದ ಕಲ್ಲಿನೊಳಗೆ ನಮ್ಮ ಹೊಳೆಯ ಮರುವಾಯಿಯ ಹಾಗಿನ ಚಿಪ್ಪುಗಳು! "ಉಮ್ಮಾ, ಅದರ ಸುಕ್ಕ ಮಾಡಿ ತಿನ್ಲಿಕ್ಕೆ ಆಗ್ಲಿಕ್ಕಿಲ್ಲ, ಬನ್ನಿ" ಅಂತ ಅವಳ ತಮಾಷೆ. ನಾನು ಆ ಚಿಪ್ಪುಗಳನ್ನು ಮುಟ್ಟಿ ಮುಟ್ಟಿ ನೋಡಿದೆ. ಹಿಂದೆ ಅಲ್ಲಿ ಕಡಲಿತ್ತಂತೆ. ಕಡಲನ್ನೇ ಗುಡ್ಡ ಮಾಡಿದ ಅಲ್ಲಾಹು ಎಷ್ಟು ದೊಡ್ಡವನು ಅಕ್ಕ! ಸಂಜೆಯ ಅಸರ್ ನಮಾಜಿಗೆ ಅವಳು ಕಾರಿನಿಂದ ನನ್ನ ಕುರ್ಚಿ ತರುವಷ್ಟರಲ್ಲಿ ನಾನು ನೆಲಕ್ಕೇ ಹಣೆ ಇಟ್ಟಾಗಿತ್ತು. ಮೊಣಕಾಲಿನ ಆಪರೇಶನ್ ಆದ ಮೇಲೆ ಇದೇ ಮೊದಲು. ಏಳುವಾಗ ಸ್ವಲ್ಪ ನೋಯಿತು, ಅಷ್ಟೆ. ಊರಿನಲ್ಲಿರುವ ನನ್ನ ನಮಾಜಿನ ಕುರ್ಚಿಯನ್ನು ಅಟ್ಟಕ್ಕೆ ಹಾಕಿಸಿ.

ನಿಮ್ಮ ತಂಗಿ ಮಿಸ್ರಿಯಾ