ಗಂಟೆದ್ದ ಕುರಿಗಳು

ಅಪ್ಪನಿಗೆ ಬುರುಲ್ ಮಾಡುವ ಸಲಾಂ.

ನಾನು ಲಸಿಕೆ ಚುಚ್ಚಿದಲ್ಲಿ ಗಂಟೆದ್ದ ಕುರಿಗಳನ್ನೇ ಆರಿಸಿ ಕೊಯ್ಯುತ್ತಿದ್ದೀರೆಂದು ಅಣ್ಣ ಫೋನಿನಲ್ಲಿ ಹೇಳಿದ. ದಯವಿಟ್ಟು ನಿಲ್ಲಿಸಿ, ಅದು ರೋಗವಲ್ಲ. ಬರೀ ಲಸಿಕೆಗೆ ಕುರಿಯ ಮೈ ಎಚ್ಚೆತ್ತುಕೊಳ್ಳುವುದಿಲ್ಲವೆಂದು ನಮ್ಮ ಲ್ಯಾಬಿನಲ್ಲಿ ಬ್ಯಾಕ್ಟೀರಿಯಾದ ಪ್ರೋಟೀನೊಂದನ್ನು ಬೆರೆಸಿದ್ದೇವೆ. ತೋಳ ಬರುವ ಮೊದಲೇ ಬೊಗಳಿ ಎಬ್ಬಿಸುವ ನಾಯಿಯ ಕೆಲಸ ಅದರದು. ಗಂಟು ಎದ್ದರೆ ಮೈ ಎಚ್ಚೆತ್ತಿದೆ ಎಂದರ್ಥ, ತಾನಾಗಿ ಇಳಿಯುತ್ತದೆ. ಎಚ್ಚೆತ್ತ ಕುರಿಗಳನ್ನು ನೀವೇ ಕೊಯ್ದರೆ ತೋಳಕ್ಕೇನು ಕೆಲಸ?

ಗಂಟಿಲ್ಲದ್ದು ಆ ಬಿಳಿ ಕುರಿಗೆ ಮಾತ್ರ. "ಅದನ್ನ ಮುಟ್ಟಬೇಡ ಕಣೇ, ನಿಮ್ಮಮ್ಮ ಹಾಲು ಕುಡಿಸಿ ಸಾಕಿದ್ದರಲ್ಲಿ ಅದೊಂದೇ ಉಳಿದಿರೋದು" ಅಂದಿರಿ. ನಾನೂ ಅದಕ್ಕೆ ಲಸಿಕೆ ಚುಚ್ಚದೆ ಬಿಟ್ಟೆ. ಈಗ ಇಡೀ ಮಂದೆಯಲ್ಲಿ ಕಾವಲಿಲ್ಲದೆ ಮಲಗುತ್ತಿರುವುದು ಅಮ್ಮನ ಕುರಿಯೇ.

ಶುಕ್ರವಾರ ಬರುತ್ತೇನೆ. ಅದನ್ನು ನೀವೇ ಹಿಡಿದುಕೊಳ್ಳಿ ಅಪ್ಪ, ಲಸಿಕೆ ನಾನು ಚುಚ್ಚುತ್ತೇನೆ.

ನಿಮ್ಮ ಮಗಳು,
ಬುರುಲ್
ಬಿಷ್ಕೆಕ್