ಚಿಟ್ಟಿಯ ಕೆಲಸ

ಗುರುವಾರ, ಸೆಪ್ಟೆಂಬರ್ ೧೧

ಆ ನೀರಿನ ಜಗ್ಗನ್ನು ನಾನೇಕೆ ಕಿತ್ತುಕೊಂಡೆ? ಬೆಳಗಿನಿಂದ ಅದೇ ಕೊರೆಯುತ್ತಿದೆ.

ಓಣಿಯವರೆಲ್ಲ ಸೇರಿ ನಡೆಸುವ ನಮ್ಮ ಮಾಂಟೆಸರಿಯಲ್ಲಿರುವುದು ಒಂದೇ ಕೋಣೆ, ಹದಿನಾಲ್ಕು ಮಕ್ಕಳು. ಚಿಟ್ಟಿಯ ಅಪ್ಪ, ಬಸ್ ಡ್ರೈವರ್, ಇವತ್ತು ಅವಳನ್ನು ಶಾಲೆ ಬಿಡಿಸಲೆಂದೇ ಬಂದಿದ್ದರು.

"ಮೂರು ತಿಂಗಳಾಯ್ತು ಮೇಡಂ, ಒಂದಕ್ಷರ ಬರೆದಿಲ್ಲ. ನೀರು ಸುರಿಯೋದು ಕಲಿಯೋಕೆ ಸ್ಕೂಲ್ ಬೇಕಾ?"

"ಸ್ವಲ್ಪ ಹೊತ್ತು ಕೂತು ನೋಡಿ," ಎಂದೆ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತರು.

ಚಿಟ್ಟಿ ಲೋಟಕ್ಕೆ ನೀರು ಸುರಿಯುತ್ತಿದ್ದಳು. ಜಗ್ಗು ಭಾರಕ್ಕೆ ವಾಲಿತು. ಎಲ್ಲಿ ಚೆಲ್ಲಿ ಅಪ್ಪನೆದುರು ನನ್ನ ಮಾನ ಕಳೆಯುತ್ತಾಳೋ ಎಂದು ಜಗ್ಗು ಕಿತ್ತುಕೊಂಡು ನಾನೇ ತುಂಬಿಸಿಬಿಟ್ಟೆ. ಮಗು ಮಾಡುವಾಗ ಕೈ ಹಾಕಬೇಡಿ ಎಂದು ತಾಯಂದಿರಿಗೆ ದಿನಾ ಹೇಳುವವಳು ನಾನು!

ಅವಳು ಅಳಲಿಲ್ಲ. ಲೋಟದ ನೀರನ್ನು ಜಗ್ಗಿಗೆ ವಾಪಸ್ ಸುರಿದಳು. "ಅಕ್ಕ, ಇದು ನನ್ನ ಕೆಲಸ," ಎಂದು ಮೊದಲಿನಿಂದ ಶುರು ಮಾಡಿದಳು. ಅರ್ಧ ನೀರು ಮೇಜಿನ ಮೇಲೆ. ಬಟ್ಟೆ ತಂದು ಒರೆಸಿ, ಹಿಂಡಿ, ಒಣಹಾಕಿದಳು. ಅವಸರವೇ ಇಲ್ಲ.

ನನಗೆ ನಾಚಿಕೆಯಿಂದ ತಲೆಯೆತ್ತಲಾಗಲಿಲ್ಲ. ಅವಳಪ್ಪ ನಕ್ಕರು. "ಮನೇಲಿ ನಾವೂ ಹೀಗೇ ಕಿತ್ಕೋತೀವಿ. ಅಲ್ಲಿ ಬರೀ ಅಳ್ತಾಳೆ. ಹೀಗೆ ಮಾತಾಡಿದ್ದನ್ನ ಇದೇ ಮೊದಲು ಕೇಳಿದ್ದು."

ಬಿಡಿಸುವ ಮಾತೆತ್ತಲಿಲ್ಲ. ಹೊರಡುವಾಗ, "ಮತ್ತೆ ಅಕ್ಷರ?" ಎಂದರು.

"ಬೇಕು ಅನ್ನಿಸಿದಾಗ ಅವಳೇ ಕೇಳ್ತಾಳೆ."

"ಕೇಳ್ತಾಳೆ ಬಿಡಿ. ನಿಮ್ಮನ್ನೇ ಗದರಿಸಿದಳಲ್ಲ!"

ನಾಳೆ ಅವಳ ಕ್ಷಮೆ ಕೇಳಬೇಕು. ನಾಲ್ಕು ವರ್ಷದವಳನ್ನು ಹೇಗೆ ಕೇಳುವುದು? ಅವಳ ಎತ್ತರಕ್ಕೆ ಮೊಣಕಾಲೂರಿ ಕೂತು, ಕಣ್ಣಲ್ಲಿ ಕಣ್ಣಿಟ್ಟು, ‘ಅದು ನಿನ್ನ ಕೆಲಸ, ನಾನು ಕೈ ಹಾಕಬಾರದಿತ್ತು’ ಅಂದರಾಯಿತು.